ಕಿಡ್ನಿ ಕಲ್ಲಿನ ‘ಡಿಜೆ ಪೈಪ್’: ಜಾರದಂತೆ ಮಾಡಿದ ಕೊಕ್ಕೆಯೇ ಚುಚ್ಚತೊಡಗಿದ ಕಥೆ

ದೊಡ್ಡಪ್ಪ ಕಿಡ್ನಿ ಕಲ್ಲಿನ ಆಪರೇಷನ್ ಮಾಡಿಸಿಕೊಂಡು ಬಂದಾಗ ಡಿಸ್ಚಾರ್ಜ್ ಚೀಟಿ ಓದಿ ಹೇಳಿದ್ದು ನಾನೇ. ‘ಡಿಜೆ ಸ್ಟೆಂಟ್ ಹಾಕಲಾಗಿದೆ’ ಎಂದಿತ್ತು. “ಗಣಪತಿ ಮೆರವಣಿಗೆ ಡಿಜೆ ನನ್ನ ಹೊಟ್ಟೆಯೊಳಗೆ ಯಾಕೋ?” ಎಂದು ನಕ್ಕರು. ಮೂರನೇ ದಿನಕ್ಕೆ ನಗು ನಿಂತಿತು. ಮೂತ್ರಕ್ಕೆ ಹೋದಾಗಲೆಲ್ಲ ಸೊಂಟದ ಪಕ್ಕದಲ್ಲಿ ಚಳಕು. ರಾತ್ರಿಯೆಲ್ಲ ಎದ್ದು ಓಡಾಟ. ಕಲ್ಲು ತೆಗೆದ ಮೇಲೂ ನೋವು ಯಾಕೆ ಅನ್ನೋದು ಮನೆಯವರ ಅನುಮಾನ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಪೈಪಿನ ಚರಿತ್ರೆ ತಿಳಿಯಬೇಕು.

ಕಿಡ್ನಿಯಿಂದ ಮೂತ್ರಚೀಲಕ್ಕೆ ಮೂತ್ರ ಇಳಿಯುವುದು ಮೂತ್ರನಾಳದಲ್ಲಿ. ಉದ್ದ ಸುಮಾರು ಒಂದು ಗೇಣು. ಅದರಲ್ಲಿ ಕಲ್ಲು ಸಿಕ್ಕಿದರೆ, ಆಪರೇಷನ್ ಆಗಿ ಬಾವು ಬಂದರೆ, ದಾರಿ ಮುಚ್ಚಿ ಕಿಡ್ನಿ ಉಬ್ಬುತ್ತದೆ. ಹಾಗಾಗಬಾರದೆಂದು ನಾಳದೊಳಗೆ ತೂರಿಸುವ ತೆಳ್ಳನೆಯ ಕೊಳವೆಯೇ ಸ್ಟೆಂಟ್. ದೊಡ್ಡವರಿಗೆ ಹಾಕುವುದು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ.

ಮೊದಲು ಇಂಥ ಕೊಳವೆ ಇಡಬೇಕೆಂದರೆ ಹೊಟ್ಟೆ ಕೊಯ್ಯಬೇಕಿತ್ತು. 1967ರಲ್ಲಿ ಅಮೆರಿಕದ ಪಾಲ್ ಜಿಮ್‌ಸ್ಕಿಂಡ್ ಮತ್ತು ಜೊತೆಗಾರರು ಸಿಲಿಕೋನ್ ಕೊಳವೆಯನ್ನು ದುರ್ಬೀನಿನ ಸಹಾಯದಿಂದ ಮೂತ್ರದ ದಾರಿಯಲ್ಲೇ ಒಳಗೆ ಸೇರಿಸಿ ತೋರಿಸಿದರು. ದೊಡ್ಡ ಹೆಜ್ಜೆ ಅದು. ಆದರೆ ಕೊಳವೆ ನೇರ ಇತ್ತು. ಹಿಡಿದುಕೊಳ್ಳಲು ಏನೂ ಇಲ್ಲ. ಕೆಲವರಲ್ಲಿ ಕೆಳಗೆ ಜಾರಿತು, ಕೆಲವರಲ್ಲಿ ಮೇಲೆ ಸರಿಯಿತು.

1970ರ ದಶಕದಲ್ಲಿ ರಾಬರ್ಟ್ ಗಿಬ್ಬನ್ಸ್ ಕೊಳವೆಯ ಮೈಗೆ ಮುಳ್ಳಿನಂಥ ರೆಕ್ಕೆಗಳನ್ನು ಇಟ್ಟರು. ಜಾರುವುದು ತಪ್ಪಿತು. ಆದರೆ ರೆಕ್ಕೆಯಿಂದ ಕೊಳವೆ ದಪ್ಪವಾಯಿತು, ಸೇರಿಸುವುದು ಕಷ್ಟವಾಯಿತು.

1978ರಲ್ಲಿ ರಾಯ್ ಫಿನ್ನಿ ಎಂಬ ವೈದ್ಯರು ಸುಲಭದ ದಾರಿ ಕಂಡರು. ಕೊಳವೆಯ ಎರಡೂ ತುದಿಯನ್ನು ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿಸಿದರು. ತಂತಿಯ ಮೇಲೆ ನೇರ ಮಾಡಿ ಒಳಗೆ ಸೇರಿಸುವುದು, ತಂತಿ ಎಳೆದರೆ ತುದಿಗಳು ಮತ್ತೆ ಬಾಗುತ್ತವೆ. ಒಂದು ಕೊಕ್ಕೆ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಅದೇ ಡಬಲ್ ಜೆ. ದೊಡ್ಡಪ್ಪನ ಚೀಟಿಯ ‘ಡಿಜೆ’ ಇದೇ. ಇವತ್ತಿಗೂ ಜಗತ್ತಿನಲ್ಲಿ ಬಳಕೆಯಲ್ಲಿರುವ ಸ್ಟೆಂಟ್‌ಗಳ ಮೂಲ ಆಕಾರ ಅದೇ.

ಜಾರುವ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು. ಆದರೆ ಹಿಡಿದಿಡುವ ಕೊಕ್ಕೆಯೇ ಮೂತ್ರಚೀಲದ ತಳವನ್ನು ಉಜ್ಜತೊಡಗಿತು. ಪದೇಪದೇ ಮೂತ್ರಕ್ಕೆ ಅವಸರ, ಉರಿ, ಕೆಲಸ ಮಾಡಿದ ದಿನ ಮೂತ್ರದಲ್ಲಿ ಕೆಂಪು ಕಾಣುವುದು ಹೆಚ್ಚಾಗಿ ಇದರಿಂದ.

ಸೊಂಟದ ಚಳಕಿಗೆ ಕಾರಣ ಬೇರೆ. ಪಂಪ್‌ಸೆಟ್‌ನ ಫುಟ್‌ವಾಲ್ವ್ ನೆನಪು ಮಾಡಿಕೊಳ್ಳಿ. ಮೇಲೆ ಹೋದ ನೀರನ್ನು ಅದು ಹಿಂದಕ್ಕೆ ಬಿಡುವುದಿಲ್ಲ. ಮೂತ್ರನಾಳ ಮೂತ್ರಚೀಲದ ಗೋಡೆಯನ್ನು ಓರೆಯಾಗಿ ಹೊಕ್ಕುತ್ತದೆ. ಚೀಲ ಹಿಂಡಿಕೊಂಡಾಗ ಗೋಡೆ ಒತ್ತಿ ನಾಳದ ಬಾಯಿ ಮುಚ್ಚುತ್ತದೆ. ದೇಹದ ಫುಟ್‌ವಾಲ್ವ್ ಅದು. ವಾಲ್ವ್‌ಗೆ ಕಡ್ಡಿ ಸಿಕ್ಕಿಕೊಂಡಂತೆ ಸ್ಟೆಂಟ್ ಆ ಬಾಯಿಯನ್ನು ತೆರೆದೇ ಇಡುತ್ತದೆ. ಮೂತ್ರ ಮಾಡುವಾಗ ಒತ್ತಡ ಹಿಂದಕ್ಕೆ ಕಿಡ್ನಿವರೆಗೆ ಏರಿ ಚಳಕು ಹೊಡೆಯುತ್ತದೆ.

ವರ್ಷಗಟ್ಟಲೆ ಈ ನೋವನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. ಎಕ್ಸ್‌ರೇಯಲ್ಲಿ ಪೈಪ್ ಜಾಗದಲ್ಲಿದ್ದರೆ ಎಲ್ಲವೂ ಸರಿ ಎಂದೇ ಲೆಕ್ಕ. 2003ರಲ್ಲಿ ಬ್ರಿಟನ್ನಿನಲ್ಲಿ ಎಚ್. ಬಿ. ಜೋಶಿ ಮತ್ತು ಜೊತೆಗಾರರು ಸ್ಟೆಂಟ್ ಹಾಕಿಸಿಕೊಂಡವರಿಗೆಂದೇ ಒಂದು ಪ್ರಶ್ನಾವಳಿ ಮಾಡಿದರು. ನೋವು, ಮೂತ್ರದ ತೊಂದರೆ, ದುಡಿಮೆ, ದಾಂಪತ್ಯ ಎಲ್ಲವನ್ನೂ ಕೇಳಿದರು. ನೂರಕ್ಕೆ 80ಕ್ಕೂ ಹೆಚ್ಚು ಜನರಲ್ಲಿ ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಯ ದುಡಿಮೆಗೆ ಪೆಟ್ಟು ಬಿದ್ದಿತ್ತು. ನೋವಿಗೊಂದು ಅಳತೆ ಸಿಕ್ಕ ಮೇಲೆ ಯಾವ ಪೈಪ್ ಎಷ್ಟು ಹಿತ ಎಂದು ಹೋಲಿಸುವುದು ಸಾಧ್ಯವಾಯಿತು.

ಪೈಪ್ ತಿದ್ದುವ ಕೆಲಸ ಇನ್ನೂ ನಡೆದಿದೆ. ಮೂತ್ರಚೀಲದ ಕಡೆಯ ಕೊಕ್ಕೆ ತೆಗೆದು ತೆಳು ಬಾಲ ಇಟ್ಟು ನೋಡಿದರು. ಫ್ರಾನ್ಸಿನಲ್ಲಿ ಆ ಭಾಗಕ್ಕೆ ಬರೀ ದಾರ ಇಟ್ಟ ಸ್ಟೆಂಟ್ ಬಂತು. ದಾರವಾದರೆ ಉಜ್ಜುವುದು ಕಡಿಮೆ, ನಾಳದ ಬಾಯಿಯೂ ಅಷ್ಟು ತೆರೆದಿರುವುದಿಲ್ಲ. ಮೂತ್ರ ಹಿಂದಕ್ಕೆ ಹೋಗದಂತೆ ತುದಿಗೆ ಪುಟ್ಟ ವಾಲ್ವ್ ಕೂರಿಸಿದವರೂ ಇದ್ದಾರೆ. ತಾನೇ ಕರಗಿಹೋಗುವ ಸ್ಟೆಂಟ್ ಪ್ರಯೋಗದಲ್ಲಿ ಕೆಲವರ ಒಳಗೆ ಚೂರುಗಳು ಉಳಿದು, ತೆಗೆಯಲು ಮತ್ತೆ ಚಿಕಿತ್ಸೆ ಬೇಕಾಯಿತು. ಎಲ್ಲರ ನೋವನ್ನೂ ಪೂರ್ತಿ ನಿಲ್ಲಿಸುವ ಸ್ಟೆಂಟ್ ಮಾತ್ರ ಇನ್ನೂ ಬಂದಿಲ್ಲ. ಸದ್ಯಕ್ಕೆ ನೋವು ತಗ್ಗಿಸುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಅಪಾಯ ನೋವು ಕಡಿಮೆಯಾದ ಮೇಲೆ ಬರುತ್ತದೆ. ಆರಾಮಾಯಿತೆಂದು, ಬಿತ್ತನೆ ಮುಗಿಯಲೆಂದು ಪೈಪ್ ತೆಗೆಸುವುದನ್ನೇ ಮರೆಯುವವರಿದ್ದಾರೆ. ಆಗ ಅದರ ಮೇಲೆ ಉಪ್ಪು ಕಟ್ಟಿ ಅದೇ ಕಲ್ಲಾಗುತ್ತದೆ, ತೆಗೆಯಲು ಹಲವು ಆಪರೇಷನ್ ಬೇಕಾಗಬಹುದು. ಕಿಡ್ನಿಯೇ ಹೋಗಬಹುದು.

ದೊಡ್ಡಪ್ಪನ ಪೈಪ್ ತೆಗೆಸುವ ತಾರೀಖನ್ನು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಅವತ್ತು ಹೊಲದ ಕೆಲಸ ಬಿಟ್ಟು ಹೋಗಿ ಬಂದೆವು. ಪೈಪ್ ತೆಗೆಯಲು ಹಿಡಿದದ್ದು ಕೆಲವೇ ನಿಮಿಷ. ನಿಮ್ಮ ಮನೆಯಲ್ಲೂ ಇಂಥ ಚೀಟಿ ಇದ್ದರೆ ಇವತ್ತೇ ತೆಗೆದು ತಾರೀಖು ನೋಡಿ.