ಮಗುವಿಗೆ ಪ್ರತ್ಯೇಕ ಕೋಣೆ ಇಲ್ಲದಿದ್ದರೆ ತೊಂದರೆಯೇ? ಮಕ್ಕಳ ನಿದ್ದೆಯ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

"ಐದು ವರ್ಷ ದಾಟಿದ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸದಿದ್ದರೆ ಅದು ಜೀವನಪೂರ್ತಿ ಪುಕ್ಕಲಾಗಿಯೇ ಉಳಿಯುತ್ತದೆ." ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಗುಲಾಬಿ ಬಣ್ಣದ ಗೋಡೆ, ಪುಟ್ಟ ಮಂಚ, ಗೊಂಬೆಗಳ ಕಪಾಟು ಇರುವ ಫೋಟೋ. ಹೊನ್ನಾಳಿಯ ಹಳೇ ಮನೆಯೊಂದರ ನಡುಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಎರಡು ಮಕ್ಕಳು ಸಾಲಾಗಿ ಚಾಪೆ ಹಾಸಿಕೊಂಡು ಮಲಗುವ ಮನೆಯವರು ಇದನ್ನು ಓದಿದರೆ ಏನನ್ನಿಸಬೇಕು? ನಾವೇನೋ ತಪ್ಪು ಮಾಡುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ.

ಅಂಥ ಅಳುಕು ಬೇಕಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ಸುಮಾರು 37% ಕುಟುಂಬಗಳಿಗೆ ಇರುವುದೇ ಒಂದು ಕೋಣೆ. ಆ ಮನೆಗಳ ಮಕ್ಕಳೆಲ್ಲ ಪುಕ್ಕಲರಾಗಿ ಬೆಳೆದಿಲ್ಲ ಎನ್ನುವುದಕ್ಕೆ ಸಂಶೋಧನೆ ಬೇಕಾಗಿಲ್ಲ. ಆದರೂ ಸಂಶೋಧನೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಇನ್ನೂರು ಕುಟುಂಬಗಳನ್ನು 18 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಮಲಗಿದ ಮಕ್ಕಳಿಗೂ ಬೇರೆ ಮಲಗಿದ ಮಕ್ಕಳಿಗೂ ಹದಿನೆಂಟನೇ ವಯಸ್ಸಿನಲ್ಲಿ ಮನಸ್ಸಿನ ಆರೋಗ್ಯದಲ್ಲಾಗಲಿ, ಸಂಬಂಧಗಳಲ್ಲಾಗಲಿ ಕೆಡುಕಿನ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೋಣೆ ಇದ್ದರೆ ಅನುಕೂಲ, ಅದರಲ್ಲೂ ಪ್ರೌಢ ವಯಸ್ಸಿಗೆ ಬಂದ ಮಕ್ಕಳಿಗೆ. ಅದಿಲ್ಲದಿದ್ದರೆ ಒಂದು ಮೂಲೆ, ಒಂದು ಪರದೆ, ಪುಸ್ತಕ ಮತ್ತು ಆಟದ ಸಾಮಾನು ಇಟ್ಟುಕೊಳ್ಳಲು ಒಂದು ಸ್ವಂತ ಡಬ್ಬಿ ಸಾಕು.

ಕೋಣೆಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಮಗು ಎಷ್ಟು ಹೊತ್ತು ಮಲಗುತ್ತಿದೆ, ಮತ್ತು ಅದು ಮಲಗುವ ಜಾಗ ಸುರಕ್ಷಿತವಾಗಿದೆಯೇ?

ಎಷ್ಟು ನಿದ್ದೆ ಬೇಕು?

ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಲೆಕ್ಕವನ್ನೇ ಈಗ ಹೆಚ್ಚಿನ ಮಕ್ಕಳ ವೈದ್ಯರು ಹೇಳುವುದು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದರವರಿಗೆ 10ರಿಂದ 13, ಆರರಿಂದ ಹನ್ನೆರಡರವರಿಗೆ 9ರಿಂದ 12, ಹದಿಹರೆಯದವರಿಗೆ 8ರಿಂದ 10 ಗಂಟೆ. ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಹಳ್ಳಿಯಿಂದ ಪಟ್ಟಣದ ಶಾಲೆಗೆ ಹೋಗುವ ಮೂರನೇ ಕ್ಲಾಸಿನ ಹುಡುಗ ಬಸ್ಸು ಹಿಡಿಯಲು ಬೆಳಿಗ್ಗೆ ಆರಕ್ಕೆ ಏಳಬೇಕು ಅಂದರೆ ರಾತ್ರಿ ಒಂಬತ್ತಕ್ಕೆ ಕಣ್ಣು ಮುಚ್ಚಿರಬೇಕು. ಸೀರಿಯಲ್ ಮುಗಿಯುವುದು ಎಷ್ಟಕ್ಕೆ ಎಂದು ನಿಮಗೇ ಗೊತ್ತು.

"ರಾತ್ರಿ ಒಂಬತ್ತರೊಳಗೆ ಮಲಗದಿದ್ದರೆ ಮಗು ಎತ್ತರ ಬೆಳೆಯುವುದಿಲ್ಲ" ಎಂಬ ಸಂದೇಶವೂ ಓಡಾಡುತ್ತಿದೆ. ಇದು ಅರ್ಧ ಸತ್ಯ. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲಿ, ಆ ಗಾಢ ನಿದ್ದೆ ಬರುವುದು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ. ಇದು ನಿಜ. ಆದರೆ ಅದು ಗೋಡೆ ಗಡಿಯಾರ ನೋಡಿ ಶುರುವಾಗುವುದಿಲ್ಲ, ನಿದ್ದೆ ಬಂದ ಮೇಲೆ ಶುರುವಾಗುತ್ತದೆ. ಒಂದು ದಿನ ಜಾತ್ರೆಗೋ ಮದುವೆಗೋ ಹೋಗಿ ಹನ್ನೊಂದಾದರೆ ಮಗು ಕುಳ್ಳಾಗುವುದಿಲ್ಲ. ದಿನವೂ ಹನ್ನೊಂದಾದರೆ ಮಾರನೇ ದಿನದ ಸಿಡುಕು, ಕ್ಲಾಸಿನಲ್ಲಿ ತೂಕಡಿಕೆ, ಪಾಠದ ಮರೆವು ಖಚಿತ.

ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ಮನೆಗಳಲ್ಲಿ ಇದು ಸೀಸನ್ನಿನ ಸಮಸ್ಯೆ. ಕೊಯ್ಲು ಶುರುವಾದರೆ ಅಂಗಳದಲ್ಲಿ ದೊಡ್ಡ ಲೈಟು, ಸುಲಿಯುವ ಯಂತ್ರದ ಸದ್ದು, ಬೇಯಿಸುವ ಒಲೆ, ಆಳುಗಳ ಮಾತು. ಮಕ್ಕಳಿಗೆ ಅದೇ ಜಾತ್ರೆ. ಮಗುವಿನ ಕಣ್ಣು ದೊಡ್ಡವರ ಕಣ್ಣಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಂಜೆಯ ಪ್ರಖರ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ, ಮೊಬೈಲ್ ಪರದೆಯದ್ದೂ ಅದೇ ಕೆಲಸ. ಕೆಲಸ ನಿಲ್ಲಿಸಿ ಎಂದು ಯಾರೂ ಹೇಳಲಾರರು. ಅಂಗಳಕ್ಕೆ ದೂರದ ಕೋಣೆಯೊಂದನ್ನು ಕತ್ತಲು ಮಾಡಿ, ಫ್ಯಾನ್ ಹಾಕಿ, ಅಜ್ಜಿಯೋ ಅಜ್ಜನೋ ಹೊತ್ತಿಗೆ ಸರಿಯಾಗಿ ಮಗುವನ್ನು ಕರೆದುಕೊಂಡು ಹೋಗಿ ಒಂದು ಕತೆ ಹೇಳಿದರೆ ಅರ್ಧ ಕೆಲಸ ಆದಂತೆ. ಅಂದ ಹಾಗೆ, ಹೊರಗಿನ ಸದ್ದನ್ನು ಮುಚ್ಚಲು ಫ್ಯಾನಿನ ಒಂದೇ ತೆರನಾದ ಸದ್ದು ಚೆನ್ನಾಗಿ ಕೆಲಸ ಮಾಡುತ್ತದೆ.

ಫ್ಯಾನ್ ಹಾಕಿ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುವುದು ದಕ್ಷಿಣ ಕೊರಿಯಾದಲ್ಲಿ ಬಹಳ ಪ್ರಸಿದ್ಧವಾದ ಮೂಢನಂಬಿಕೆ, ನಮ್ಮಲ್ಲೂ ಆಗಾಗ ತಲೆ ಹಾಕುತ್ತದೆ. ಫ್ಯಾನು ಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಆಮ್ಲಜನಕವನ್ನು ತಿನ್ನುವುದಿಲ್ಲ. ಏಪ್ರಿಲ್ ತಿಂಗಳ ಜಗಳೂರಿನ ಸೆಕೆಯಲ್ಲಿ ಫ್ಯಾನ್ ಆರಿಸಿ ಮಗುವನ್ನು ಕಂಬಳಿಯಲ್ಲಿ ಸುತ್ತುವುದೇ ಅಪಾಯ.

ಉತ್ತರಕ್ಕೆ ತಲೆ ಹಾಕಿದರೆ?

ಭೂಮಿಯ ಅಯಸ್ಕಾಂತ ಶಕ್ತಿ ರಕ್ತದಲ್ಲಿರುವ ಕಬ್ಬಿಣವನ್ನು ತಲೆಗೆ ಎಳೆಯುತ್ತದೆ ಎಂಬ ವಿವರಣೆ ಕೇಳಲು ವಿಜ್ಞಾನದಂತೆ ಇದೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯಂತೆ ಅಯಸ್ಕಾಂತಕ್ಕೆ ಅಂಟುವಂಥದ್ದಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತ ಭೂಮಿಯದ್ದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವಾದದ್ದು, ಅದರೊಳಗೆ ಮಲಗಿದವರ ರಕ್ತವೂ ತಲೆಗೆ ಏರುವುದಿಲ್ಲ. ಸಂಪ್ರದಾಯ ಎಂದು ಪಾಲಿಸುವವರು ಪಾಲಿಸಲಿ, ಅದರಿಂದ ನಷ್ಟವಿಲ್ಲ. ಕಿಟಕಿಯ ಗಾಳಿ ಬರುವುದು ಆ ಕಡೆಯಿಂದಲೇ ಆದರೆ ಮಾತ್ರ ಗಾಳಿಯನ್ನೇ ಆರಿಸಿಕೊಳ್ಳಿ.

ಹಸುಗೂಸಿನ ವಿಷಯದಲ್ಲಿ ತಮಾಷೆ ಬೇಡ

ಇಲ್ಲಿಂದ ಮುಂದಿನ ಮಾತು ಸ್ವಲ್ಪ ಗಂಭೀರ. ತಲೆ ಗುಂಡಗಾಗಲಿ ಎಂದು ಸಾಸಿವೆ ದಿಂಬು ಇಡುವುದು ನಮ್ಮ ಕಡೆ ಸಾಮಾನ್ಯ. ಈಗ ಅದನ್ನು ಆನ್‌ಲೈನ್‌ನಲ್ಲೂ ಮಾರುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಯಾವ ದಿಂಬೂ ಬೇಡ ಎನ್ನುವುದು ಮಕ್ಕಳ ತಜ್ಞರ ಸ್ಪಷ್ಟ ಸಲಹೆ. ಮಗು ಪಕ್ಕಕ್ಕೆ ಹೊರಳಿ ಮೂಗು ದಿಂಬಿಗೆ ಒತ್ತಿದರೆ ಅದಕ್ಕೆ ತಲೆ ಎತ್ತುವ ಶಕ್ತಿ ಇರುವುದಿಲ್ಲ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅಂಗಾತ ಮಲಗಿಸುವುದು, ಮುಖದ ಹತ್ತಿರ ರಗ್ಗು ಗೊಂಬೆ ಇಲ್ಲದಿರುವುದು ಇಷ್ಟೇ ನಿಯಮ. ಅಂಗಾತ ಮಲಗಿಸಿ ಎಂದು ಅಮೆರಿಕದಲ್ಲಿ 1994ರಲ್ಲಿ ದೊಡ್ಡ ಪ್ರಚಾರ ಶುರುವಾದ ನಂತರ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ಭಂಗಿಯಲ್ಲಿ ಮಲಗಿ ತಲೆ ಚಪ್ಪಟೆಯಾದರೆ, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ. ಬೆಳೆಯುತ್ತಾ ಹೆಚ್ಚಿನವರಲ್ಲಿ ಸರಿಹೋಗುತ್ತದೆ.

ಹಸುಗೂಸು ಅಮ್ಮನ ಕೋಣೆಯಲ್ಲೇ ಇರಬೇಕು, ಆದರೆ ಅದಕ್ಕೆ ಬೇರೆ ಹಾಸಿಗೆ ಇರಲಿ. ಕುಡಿದ ಅಥವಾ ನಿದ್ದೆ ಮಾತ್ರೆ ತೆಗೆದುಕೊಂಡ ದೊಡ್ಡವರ ಪಕ್ಕ, ಬೀಡಿ ಸಿಗರೇಟು ಸೇದುವವರ ಪಕ್ಕ ಅದನ್ನು ಮಲಗಿಸಲೇಬಾರದು.

ಸೀರೆಯ ಜೋಳಿಗೆ ಬಗ್ಗೆಯೂ ಒಂದು ಮಾತು. ಗದ್ದೆ ತೋಟದ ಕೆಲಸಕ್ಕೆ ಹೋದ ತಾಯಂದಿರಿಗೆ ಅದಿಲ್ಲದೆ ನಡೆಯದು, ಅದನ್ನು ಬಯ್ಯುವುದು ಸುಲಭದ ಮಾತು. ಆದರೆ ಜೋಳಿಗೆಯಲ್ಲಿ ಎಳೆಗೂಸಿನ ಗಲ್ಲ ಎದೆಗೆ ಮಡಚಿಕೊಂಡರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ, ಆದ್ದರಿಂದ ಕಣ್ಣಳತೆಯಲ್ಲೇ ಇರಲಿ. ಇನ್ನೊಂದು ಅಪಾಯ ಮನೆಯ ದೊಡ್ಡ ಮಕ್ಕಳಿಗೆ. ಖಾಲಿ ಜೋಳಿಗೆಯಲ್ಲಿ ಉಯ್ಯಾಲೆ ಆಡುವಾಗ ಸೀರೆ ಕತ್ತಿಗೆ ಸುತ್ತಿಕೊಂಡು ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ಮತ್ತೆ ಮತ್ತೆ ವರದಿಯಾಗಿವೆ. ಮಗುವನ್ನು ಎತ್ತಿಕೊಂಡ ಕೂಡಲೇ ಜೋಳಿಗೆಯನ್ನು ಬಿಚ್ಚಿ ಅಥವಾ ಮೇಲಕ್ಕೆ ಕಟ್ಟಿ.

ಮಗು ಮಲಗಲಿ ಎಂದು ನೆಗಡಿ ಸಿರಪ್ ಕುಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಬಾಟಲಿಯ ಮೇಲೆ ಬರೆಯುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಜಾಯಿಕಾಯಿ ತೇಯ್ದು ಹಾಕುವುದೂ ನಿರಪಾಯಕಾರಿ ಅಲ್ಲ. ಅದರಲ್ಲಿರುವ ಮಿರಿಸ್ಟಿಸಿನ್ ಹೆಚ್ಚಾದರೆ ವಿಷ, ತೇಯುವ ಕಲ್ಲಿನ ಮೇಲೆ ಅಳತೆ ಇರುವುದಿಲ್ಲ.

ಸೊಳ್ಳೆ ಬತ್ತಿ ಮತ್ತು ಸೊಳ್ಳೆ ಪರದೆ

"ಒಂದು ಸೊಳ್ಳೆ ಬತ್ತಿ ನೂರು ಸಿಗರೇಟಿಗೆ ಸಮ" ಎಂಬ ಫಾರ್ವರ್ಡ್ ಹಳೆಯದು. ಇದರ ಹಿಂದೆ ನಿಜವಾದ ಅಧ್ಯಯನವಿದೆ. 2003ರಲ್ಲಿ ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದಾಗ ಒಂದು ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಉರಿದಾಗ ಬರುವಷ್ಟು ಇದ್ದವು. ಇದು ಕೋಣೆಯ ಗಾಳಿಗೆ ಸೇರುವ ಹೊಗೆಯ ಲೆಕ್ಕ, ಮಗು ನೂರು ಸಿಗರೇಟು ಸೇದಿತು ಎಂದರ್ಥವಲ್ಲ. ಆದರೂ ಬಾಗಿಲು ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಬತ್ತಿ ಹಚ್ಚಿ ಮಕ್ಕಳನ್ನು ಮಲಗಿಸುವುದು ಒಳ್ಳೆಯದಲ್ಲ. ಅದರಲ್ಲೂ ಉಬ್ಬಸದ ಮಗು ಇದ್ದರೆ ಬೇಡವೇ ಬೇಡ.

ಪರದೆ ಕಟ್ಟಿ. ಪರದೆ ಸೊಳ್ಳೆಗೆ ಮಾತ್ರವಲ್ಲ, ಹಾವಿಗೂ ಅಡ್ಡಿ. ಈ ಮಾತು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ, ಆದರೆ ನಮ್ಮ ಹಳ್ಳಿಗಳಿಗೆ ಇದೇ ಹೆಚ್ಚು ಬೇಕಾದದ್ದು. ಕಟ್ಟುಹಾವು, ಕೆಲವೆಡೆ ಕಡಂಬಳ ಎನ್ನುತ್ತಾರೆ, ರಾತ್ರಿ ಓಡಾಡುವ ಹಾವು. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಮನೆಯೊಳಗೆ ಬರುತ್ತದೆ, ನೆಲದ ಮೇಲೆ ಮಲಗಿದವರು ಹೊರಳಿದಾಗ ಕಚ್ಚುತ್ತದೆ. ಅದರ ಕಡಿತ ಹಲವು ಸಲ ನೋಯುವುದೂ ಇಲ್ಲ, ಊದುವುದೂ ಇಲ್ಲ. ಮಗು ಬೆಳಗಿನ ಜಾವ ಹೊಟ್ಟೆನೋವು ಎಂದು ಅಳುತ್ತದೆ, ವಾಂತಿ ಮಾಡುತ್ತದೆ, ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ. ಗ್ಯಾಸು, ದೃಷ್ಟಿ ಎಂದು ಮನೆಮದ್ದು ಮಾಡುವಷ್ಟರಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತವೆ. ನೆಲದ ಮೇಲೆ ಮಲಗಿದ ಮಗುವಿನ ರೆಪ್ಪೆ ಜೋತು ಬಿದ್ದರೆ, ಗಾಯ ಕಾಣದಿದ್ದರೂ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಲಿ. ವೆಂಟಿಲೇಟರ್ ಬೇಕಾದರೆ ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಕಳಿಸುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಪರದೆಯ ಅಂಚನ್ನು ಚಾಪೆ ಅಥವಾ ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಬೇಕು, ಸುಮ್ಮನೆ ಇಳಿಬಿಟ್ಟರೆ ಪ್ರಯೋಜನವಿಲ್ಲ. ಮಂಚ ಇದ್ದರೆ ಇನ್ನೂ ಒಳ್ಳೆಯದು. ಭತ್ತ, ಜೋಳದ ಚೀಲಗಳ ಪಕ್ಕ ಮಕ್ಕಳ ಹಾಸಿಗೆ ಬೇಡ, ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮಗುವಿಗೆ ಬೇರೆ ಕೋಣೆ ಕಟ್ಟಿಸಲು ಹಣ ಕೂಡಿಡುತ್ತಿರುವ ಅಪ್ಪಂದಿರು ಮೊದಲು ಒಂದು ಪರದೆ ಕೊಳ್ಳಲಿ ಎನ್ನುವುದು ನಮ್ಮ ಅಭಿಪ್ರಾಯ.

ರಾತ್ರಿ ದೀಪ, ಕನ್ನಡಕ ಮತ್ತು ಅಡಿಕೆ ಹಾಳೆ

ಜೀರೋ ಬಲ್ಬ್ ಹಾಕಿ ಮಲಗಿಸಿದರೆ ಮಗುವಿಗೆ ಕನ್ನಡಕ ಬರುತ್ತದೆ ಎಂಬ ಮಾತು ಹುಟ್ಟಿದ್ದು 1999ರಲ್ಲಿ, ನೇಚರ್ ಪತ್ರಿಕೆಯಲ್ಲಿ ಬಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೇಖನದಿಂದ. ಮರುವರ್ಷವೇ ಬೇರೆ ಎರಡು ತಂಡಗಳು ಅದೇ ಪತ್ರಿಕೆಯಲ್ಲಿ ಅಂಥ ಸಂಬಂಧ ಕಾಣುತ್ತಿಲ್ಲ ಎಂದವು. ಸಮೀಪದೃಷ್ಟಿ ಇರುವ ಅಪ್ಪ ಅಮ್ಮಂದಿರು ತಮಗೇ ಕಾಣಲಿ ಎಂದು ಹೆಚ್ಚಾಗಿ ದೀಪ ಹಾಕಿಡುತ್ತಾರೆ, ಅವರ ಮಕ್ಕಳಿಗೆ ಸಮೀಪದೃಷ್ಟಿ ವಂಶದಿಂದ ಬರುತ್ತದೆ. ತಪ್ಪು ದೀಪದ್ದಲ್ಲ. ಕತ್ತಲಿಗೆ ಹೆದರುವ ಮಗುವಿಗೆ ಮಂದ ಬೆಳಕು ಇರಲಿ.

ಕಣ್ಣಿಗೆ ನಿಜವಾಗಿ ಬೇಕಾದದ್ದು ಹಗಲಿನ ಬೆಳಕು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಸುಮಾರು 30% ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಸುಮಾರು 40%. ಇದು 2015ರಲ್ಲಿ ಪ್ರಕಟವಾದ ಫಲಿತಾಂಶ. ಹೊರಗೆ ಆಡಿದ ಮಗು ರಾತ್ರಿ ಬೇಗ ಮಲಗುತ್ತದೆ ಎನ್ನುವುದಂತೂ ಎಲ್ಲ ಅಮ್ಮಂದಿರಿಗೂ ಗೊತ್ತು. ಲಗೋರಿ, ಕುಂಟೆಬಿಲ್ಲೆಗೆ ಹಣ ಬೇಕಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಅಣ್ಣ ಎಳೆದರೆ ಅದಕ್ಕಿಂತ ಒಳ್ಳೆಯ ಕಾರು ಇಲ್ಲ. ಅಪ್ಪನೂ ಒಂದು ಸುತ್ತು ಎಳೆಯಬಹುದು. ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು ಚೌಕಾಬಾರ ಹಾಕಿ, ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಸೀಳಿಕೊಳ್ಳಿ. ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಗೊರಕೆ ಹೊಡೆಯುವ ಮಗು

ಮಗು ಗೊರಕೆ ಹೊಡೆದರೆ ಒಳ್ಳೇ ನಿದ್ದೆ ಎಂದು ನಗುವವರಿದ್ದಾರೆ. ನೆಗಡಿ ಇದ್ದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆ ಇಲ್ಲ. ದಿನವೂ ಗೊರಕೆ, ಬಾಯಿ ತೆರೆದು ಉಸಿರಾಟ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಬೀಳುವುದು ಇದ್ದರೆ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ದಪ್ಪವಾಗಿರಬಹುದು. ಅಂಥ ಮಗು ಹತ್ತು ಗಂಟೆ ಮಲಗಿದರೂ ನಿದ್ದೆ ಸಾಲದೆ ಹಗಲು ಚಡಪಡಿಸುತ್ತದೆ, ಶಾಲೆಯಲ್ಲಿ ತುಂಟ ಎಂಬ ಹೆಸರು ಬರುತ್ತದೆ. ರಾತ್ರಿ ಮಲಗಿದಾಗ ಒಂದು ನಿಮಿಷ ವಿಡಿಯೋ ಮಾಡಿಕೊಂಡು ವೈದ್ಯರಿಗೆ ತೋರಿಸಿ, ಮೊಬೈಲ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಐದಾರು ವರ್ಷದ ಮಗು ಹಾಸಿಗೆ ಒದ್ದೆ ಮಾಡಿದರೆ ಬಯ್ಯಬೇಡಿ, ಅದು ಬೇಕೆಂದು ಮಾಡುವುದಲ್ಲ, ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ಏಳು ದಾಟಿದರೂ ನಿಲ್ಲದಿದ್ದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ ಗೊರಕೆಯ ವಿಷಯವನ್ನೂ ಹೇಳಿ, ಅವರು ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.