ಒಂದು ಶಿಲಿಂಗಿನ ಕಡಲ ಸಾಲ

2015ರ ಏಪ್ರಿಲ್ ತಿಂಗಳು. ಜರ್ಮನಿಯ ಅಮ್ರುಮ್ ಎಂಬ ಪುಟ್ಟ ದ್ವೀಪಕ್ಕೆ ರಜೆ ಕಳೆಯಲು ಹೋಗಿದ್ದ ಮಹಿಳೆಯೊಬ್ಬರಿಗೆ ಕಡಲತೀರದಲ್ಲಿ ಒಂದು ಬಾಟಲಿ ಸಿಕ್ಕಿತು. ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರು ಎಂಬುದು ಈ ಕಥೆಗೆ ತಾನಾಗಿಯೇ ಒದಗಿದ ಸೊಗಸು. ಬಾಟಲಿಯೊಳಗಿನ ಕಾಗದದಲ್ಲಿ ಹೊರಗಿನಿಂದಲೇ ಕಾಣುವಂತೆ 'ಬಾಟಲಿಯನ್ನು ಒಡೆಯಿರಿ' ಎಂದು ಅಚ್ಚಾಗಿತ್ತು. ಒಡೆಯದೆ ತೆಗೆಯಲು ನೋಡಿದರು, ಆಗಲಿಲ್ಲ. ಕೊನೆಗೆ ಒಡೆದಾಗ ಸಿಕ್ಕಿದ್ದು ಒಂದು ಅಂಚೆ ಕಾರ್ಡು.

ಕಾರ್ಡಿನ ಮೇಲೆ ಇಂಗ್ಲೆಂಡಿನ ಪ್ಲಿಮತ್ ನಗರದ ಸಾಗರ ಜೀವಶಾಸ್ತ್ರ ಸಂಘದ ವಿಳಾಸವಿತ್ತು. ಬಾಟಲಿ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಬಲೆಗೆ ಬಿದ್ದಿದ್ದರೆ ದೋಣಿಯ ಹೆಸರೇನು ಎಂಬುದನ್ನು ತುಂಬಿ ಕಳುಹಿಸಿದವರಿಗೆ ಒಂದು ಶಿಲಿಂಗ್ ಬಹುಮಾನ! ಈ ಒಕ್ಕಣೆ ಇಂಗ್ಲಿಷ್, ಡಚ್ ಮತ್ತು ಜರ್ಮನ್ ಭಾಷೆಗಳಲ್ಲಿತ್ತು. ಕಾರ್ಡು ಸಮುದ್ರಕ್ಕೆ ಬಿದ್ದು ಆಗಲೇ 108 ವರ್ಷ ಕಳೆದಿತ್ತು.

ಈ ಬಾಟಲಿಯನ್ನು ಬಿಟ್ಟವರು ಜಾರ್ಜ್ ಪಾರ್ಕರ್ ಬಿಡ್ಡರ್ ಎಂಬ ಜೀವಶಾಸ್ತ್ರಜ್ಞ. 1904ರಿಂದ 1906ರ ನಡುವೆ ಅವರು ಉತ್ತರ ಸಮುದ್ರಕ್ಕೆ ಇಂಥ 1,020 ಬಾಟಲಿಗಳನ್ನು ಹಾಕಿಸಿದ್ದರು. ನೀರಿನ ಮೇಲೆ ತೇಲುವ ಬಾಟಲಿಯನ್ನು ಪ್ರವಾಹದ ಜೊತೆಗೆ ಗಾಳಿಯೂ ತಳ್ಳಿಬಿಡುತ್ತದೆ. ಬಿಡ್ಡರ್‌ಗೆ ಬೇಕಾಗಿದ್ದುದು ತಳದ ನೀರಿನ ಸುದ್ದಿ. ಅದಕ್ಕಾಗಿ ಬಾಟಲಿಗೆ ಭಾರ ಕಟ್ಟಿ, ಅದು ಪೂರ್ತಿ ಮುಳುಗಿಯೂ ನೆಲ ಕಚ್ಚದೆ ಸಮುದ್ರತಳದ ಸ್ವಲ್ಪವೇ ಮೇಲೆ ಸಾಗುವಂತೆ ಮಾಡಿದರು. ತಳದಲ್ಲಿ ಸಾಗುವುದನ್ನು ಹಿಡಿಯುವವರು ಯಾರು? ತಳ ಗುಡಿಸುವ ಟ್ರಾಲ್ ಬಲೆಯ ಮೀನುಗಾರರು. ಅವರನ್ನೇ ಬಿಡ್ಡರ್ ತಮ್ಮ ಪ್ರಯೋಗದ ಸಹಾಯಕರನ್ನಾಗಿ ಮಾಡಿಕೊಂಡರು. ಮೂರು ಭಾಷೆ ಯಾಕೆ ಬೇಕಾಯಿತು ಎಂಬುದು ಈಗ ತಿಳಿಯುತ್ತದೆ.

ಹಿಂದಿರುಗಿದ ಕಾರ್ಡುಗಳಿಂದ, ಉತ್ತರ ಸಮುದ್ರದ ತಳದ ನೀರು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆಂದು ಬಿಡ್ಡರ್ ತೋರಿಸಿಕೊಟ್ಟರು. ಪ್ಲೇಸ್ ಎಂಬ ಚಪ್ಪಟೆ ಮೀನು (ನಮ್ಮ ಕರಾವಳಿಯ ನಂಗ್ ಮೀನಿನ ದೂರದ ನೆಂಟ) ಸಾಮಾನ್ಯವಾಗಿ ಈ ಹರಿವಿಗೆ ಎದುರಾಗಿ ಸಾಗುತ್ತದೆಂಬುದೂ ಅವರ ಅಧ್ಯಯನದಲ್ಲಿ ಕಂಡುಬಂತು.

ಕಡಲಿನ ವಿಜ್ಞಾನಕ್ಕೆ ಮಂದಿಯ ನೆರವು ಕೇಳುವುದು ಬಿಡ್ಡರ್ ಶುರುಮಾಡಿದ್ದೇನಲ್ಲ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ 1839ರಲ್ಲಿ ಕುದುರೆಗಾಡಿ ಉರುಳಿ ಕಾಲು ಮುರಿದುಕೊಂಡರು. 1842ರಲ್ಲಿ ಅವರಿಗೆ ನೌಕಾಪಡೆಯ ನಕ್ಷೆ ಉಗ್ರಾಣದ ಉಸ್ತುವಾರಿ ಸಿಕ್ಕಿತು. ಅಲ್ಲಿ ರಾಶಿಬಿದ್ದಿದ್ದ ಹಳೆಯ ಹಡಗುಗಳ ದಿನಚರಿಗಳಲ್ಲಿ ಅವರು ಗಾಳಿ, ಪ್ರವಾಹಗಳ ಲೆಕ್ಕ ಹುಡುಕಿದರು. ಹೊಸ ಲೆಕ್ಕ ಬರೆದುಕೊಟ್ಟ ಕಪ್ತಾನರಿಗೆ ನಕ್ಷೆ ಪುಕ್ಕಟೆ. ನಕ್ಷೆಯಿಂದ ಪ್ರಯಾಣದ ದಿನಗಳು ಕಡಿಮೆಯಾಗುತ್ತವೆಂದರೆ ಯಾವ ಕಪ್ತಾನ ಬೇಡವೆಂದಾನು? 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಸೇರಿ, ಹಡಗುಗಳು ಒಂದೇ ಕ್ರಮದಲ್ಲಿ ಲೆಕ್ಕ ಇಡಬೇಕೆಂದು ಒಪ್ಪಿದರು.

ಜರ್ಮನರೂ 1864ರಿಂದ 1933ರವರೆಗೆ ಹಡಗುಗಳಿಂದ ಬಾಟಲಿ ಎಸೆಸುತ್ತಿದ್ದರು. ಪೌಲಾ ಎಂಬ ಹಡಗಿನಿಂದ 1886ರ ಜೂನ್ 12ರಂದು ಹಿಂದೂ ಮಹಾಸಾಗರಕ್ಕೆ ಎಸೆದದ್ದು 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರಳಿನಲ್ಲಿ ಸಿಕ್ಕಿತು. ಇದು ನಿಜವೇ ಎಂದು ಅನುಮಾನಪಟ್ಟವರು ಜರ್ಮನಿಯಲ್ಲಿ ಹುಡುಕಿದಾಗ ಕಪ್ತಾನನ ದಿನಚರಿಯೇ ದೊರೆಯಿತು. ಅದೇ ದಿನಾಂಕದಂದು ಬಾಟಲಿ ಎಸೆದ ಸಂಗತಿ ಅದರಲ್ಲಿ ದಾಖಲಾಗಿತ್ತು.

ನಿಜ ಹೇಳಬೇಕೆಂದರೆ ಇಷ್ಟು ತಡವಾಗಿ ಬರುವ ಉತ್ತರದಿಂದ ವಿಜ್ಞಾನಕ್ಕೆ ದೊಡ್ಡ ಉಪಯೋಗವಿಲ್ಲ. ಬಾಟಲಿ ತಿಳಿಸುವುದು ಹೊರಟ ಜಾಗ, ಸಿಕ್ಕ ಜಾಗ ಎರಡನ್ನೇ. ನಡುವೆ ಎಷ್ಟು ವರ್ಷ ತೇಲಿತು, ಎಷ್ಟು ವರ್ಷ ಮರಳಿನಡಿ ಹೂತಿತ್ತು ಎಂಬುದನ್ನು ಹೇಳುವವರಾರು? ಬಿಡ್ಡರ್‌ಗೆ ನೆರವಾದದ್ದು ಬೇಗ ಬೇಗ ಮರಳಿದ ಕಾರ್ಡುಗಳೇ.

ಆದರೂ ಅಮ್ರುಮ್‌ನ ಮಹಿಳೆ ಕಾರ್ಡು ತುಂಬಿ, ಲಕೋಟೆಯಲ್ಲಿಟ್ಟು ಪ್ಲಿಮತ್‌ಗೆ ಅಂಚೆ ಮಾಡಿದರು. ಲಕೋಟೆಯ ಮೇಲೆ ಬಿಡ್ಡರ್ ಅವರದೇ ಹೆಸರು! ಅವರು ತೀರಿಕೊಂಡು ಅರ್ಧ ಶತಮಾನವೇ ಕಳೆದಿತ್ತು. ಬ್ರಿಟನ್ 1971ರಲ್ಲೇ ಶಿಲಿಂಗಿನ ಲೆಕ್ಕ ಕೈಬಿಟ್ಟಿತ್ತು. ಸಂಘದವರು ಇಂಟರ್‌ನೆಟ್ಟಿನಲ್ಲಿ ಹುಡುಕಿ ಒಂದು ಹಳೆಯ ಶಿಲಿಂಗ್ ನಾಣ್ಯ ಕೊಂಡು, ಕೃತಜ್ಞತೆಯ ಪತ್ರದೊಡನೆ ಜರ್ಮನಿಗೆ ಕಳುಹಿಸಿದರು.