ಕಟ್ಟಿದವರು, ಕಟ್ಟಿಸಿದವರು

ಕಳೆದ ಮಾಗಿಯಲ್ಲಿ ಬಿ.ಎ. ತರಗತಿಯ ಹುಡುಗರನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿಗೆ ಸಮೀಪವಾಗಿರುವ ಆ ಊರಿನ ಕೇಶವ ದೇವಾಲಯವನ್ನು ನೋಡದೆ ನಮ್ಮ ಸೀಮೆಯ ಹುಡುಗ ಕನ್ನಡದಲ್ಲಿ ಪದವಿ ಪಡೆಯುವುದು ತರವಲ್ಲವೆಂಬುದು ನನ್ನ ಹಳೆಯ ಹಠ. ಹೊರಗೋಡೆಯ ವಿಗ್ರಹವೊಂದರ ಪೀಠದ ಮೇಲೆ ಕೊರೆದ ಅಕ್ಷರಗಳನ್ನು ತೋರಿಸಿ, "ಇದು ಮಲ್ಲಿತಮ್ಮನೆಂಬ ಶಿಲ್ಪಿಯ ರುಜು" ಎಂದೆ. ಹಿಂದೆ ನಿಂತಿದ್ದ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯಿ ಬಿಡದವನು, "ಸಾರ್, ಇವನಿಗೆ ದಿನಕ್ಕೆ ಎಷ್ಟು ಕೂಲಿ ಬರುತ್ತಿತ್ತು?" ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷಗಳ ಪಾಠದಲ್ಲಿ ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗನ ಪಕ್ಕದಲ್ಲಿ ಕುಳಿತೆ. ಅವನ ತಂದೆ ಸೆಂಟ್ರಿಂಗ್ ಕೆಲಸದವನು. ಎರಡು ತಿಂಗಳ ಹಿಂದೆ ಅಂಗಡಿ ಮಳಿಗೆಯೊಂದರ ಸಾರುವೆಯ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿ ಮಲಗಿದ್ದಾನೆ. ಆ ಪ್ರಶ್ನೆ ಎಲ್ಲಿಂದ ಹುಟ್ಟಿತೆಂಬುದು ಆಗ ತಿಳಿಯಿತು.

ನಮ್ಮ ವ್ಯಾಕರಣದಲ್ಲಿ 'ಇಸು' ಎಂಬ ಒಂದು ಪ್ರತ್ಯಯವಿದೆ. ಕಟ್ಟು ಎಂಬ ಧಾತುವಿಗೆ ಅದನ್ನು ಹಚ್ಚಿದರೆ ಕಟ್ಟಿಸು ಎಂದಾಗುತ್ತದೆ. ಪ್ರೇರಣಾರ್ಥಕ ಎಂದು ಹೇಳಿಕೊಟ್ಟು ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ನಾಡಿನ ಶಾಸನಗಳನ್ನು ತೆರೆದರೆ ಕೆರೆ ಕಟ್ಟಿಸಿದವರು, ಗುಡಿ ಮಾಡಿಸಿದವರು, ದೇವರನ್ನು ಪ್ರತಿಷ್ಠೆ ಮಾಡಿಸಿದವರು ಸಾಲುಸಾಲಾಗಿ ಕಾಣುತ್ತಾರೆ. ಕಟ್ಟಿದವರು ಕಾಣುವುದು ಅಪರೂಪ. ಕಟ್ಟಡಗಳ ಇತಿಹಾಸವೆಂದು ನಾವು ಓದಿರುವುದು ಬಹುಮಟ್ಟಿಗೆ ಈ 'ಇಸು'ವಿನ ಇತಿಹಾಸ. ಅದನ್ನು ಕಳಚಿ ಬರಿಯ 'ಕಟ್ಟು' ಎಂಬುದರ ಬೆನ್ನು ಹತ್ತಿದರೆ ನಂಜನಗೂಡು ಮತ್ತು ನರಸೀಪುರ ಎಂಬ ಈ ಎರಡು ತಾಲ್ಲೂಕುಗಳಲ್ಲೇ ಏಳುನೂರು ವರ್ಷಗಳ ಒಂದು ಕಥೆ ಸಿಕ್ಕುತ್ತದೆ.

ಸೋಮನಾಥಪುರದಿಂದಲೇ ಹೊರಡೋಣ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಇಲ್ಲಿ ತನ್ನ ಹೆಸರಿನ ಅಗ್ರಹಾರವನ್ನು ನೆಲೆಗೊಳಿಸಿ, 1258ರ ಸುಮಾರಿನಲ್ಲಿ ಈ ತ್ರಿಕೂಟ ದೇಗುಲವನ್ನು ಕಟ್ಟಿಸಿದ. ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಸಣ್ಣ ಉಳಿಯ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸುಮಾರು 40 ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ರುಜುವಿದೆ. ಮಸಣಿತಮ್ಮ, ಬಾಲೆಯ, ಚೌಡೆಯ ಮೊದಲಾದ ಹೆಸರುಗಳೂ ಇವೆ. ಇದೇ ಮಲ್ಲಿತಮ್ಮನ ಹೆಸರು ಹಾಸನ ಸೀಮೆಯ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಎದ್ದ ಲಕ್ಷ್ಮೀನರಸಿಂಹ ದೇವಾಲಯದಲ್ಲೂ ಕಾಣುತ್ತದೆ. ಅಂದರೆ ಅಲ್ಲಿಯ ಕೆಲಸ ಮುಗಿದಮೇಲೆ ಉಳಿ ಸುತ್ತಿಗೆಗಳನ್ನು ಗಂಟುಕಟ್ಟಿಕೊಂಡು ಇನ್ನೊಂದು ಊರಿಗೆ, ಕೊನೆಗೆ ಕಾವೇರಿಯ ಈ ಬಯಲಿಗೆ ಬಂದವನು ಅವನು. ನಾವು ಮಹಾಶಿಲ್ಪಿ ಎಂದು ಕೈಮುಗಿಯುವವನು ಕೆಲಸವಿದ್ದಲ್ಲಿಗೆ ಹೋಗುತ್ತಿದ್ದ ವಲಸೆಗಾರ. ಈಗಿನವರಿಗೂ ಅವನಿಗೂ ಇರುವ ದೊಡ್ಡ ಅಂತರವೆಂದರೆ, ಅವನು ತನ್ನ ಹೆಸರನ್ನು ಬರೆದುಕೊಳ್ಳಬಹುದಾಗಿತ್ತು. 2023ರಲ್ಲಿ ಯುನೆಸ್ಕೋ ಬೇಲೂರು ಹಳೇಬೀಡುಗಳೊಡನೆ ಸೋಮನಾಥಪುರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ರುಜುಗಳಿಗೂ ಲೋಕದ ಮನ್ನಣೆ ದೊರೆತಂತಾಯಿತು.

ಆಮೇಲೆ ಈ ಸೀಮೆಯಲ್ಲಿ ಕಟ್ಟುವ ಕೆಲಸವೇನೂ ನಿಲ್ಲಲಿಲ್ಲ. ಹೆಸರು ಮಾತ್ರ ನಿಂತಿತು. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿರುವ ಕಟ್ಟೆಗೆ ವಿಜಯನಗರದ ಮಾಧವಮಂತ್ರಿಯ ಹೆಸರು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಹಾಕಿದ ಕಲ್ಲುಸೇತುವೆಗೆ ದಳವಾಯಿ ದೇವರಾಜಯ್ಯನ ಹೆಸರು. ಗಾಡಿ, ಕುದುರೆ, ಯಾತ್ರಿಕರಿಗೆಂದು ಕಟ್ಟಿದ ಆ ಸೇತುವೆಯ ಮೇಲೆ ನೂರೈವತ್ತು ವರ್ಷಗಳ ತರುವಾಯ ರೈಲು ಓಡಿತು; ಅದು ಜಗ್ಗಲಿಲ್ಲ. ರೈಲನ್ನು ಕನಸಿನಲ್ಲೂ ಕಾಣದ ಕೈಗಳು ಗಾರೆ ಕಲಸಿ ಕಲ್ಲು ಕೂರಿಸಿದ ಕೆಲಸ ಅದು.

ಆ ಕೈಗಳು ಯಾರವು? ಕಲ್ಲೊಡೆದು ಮಣ್ಣು ಹೊತ್ತವರು ವಡ್ಡರು. ಕಲ್ಲುವಡ್ಡ, ಮಣ್ಣುವಡ್ಡ ಎಂದು ಕೆಲಸದಿಂದಲೇ ಹೆಸರು ಪಡೆದು, ಇಂದು ಭೋವಿಗಳೆಂದು ಕರೆದುಕೊಳ್ಳುವ ಜನ. ವಿಗ್ರಹ, ಬಾಗಿಲುವಾಡ, ತೇರುಗಳ ಕೆಲಸ ವಿಶ್ವಕರ್ಮರದು. ಇನ್ನು ಉಪ್ಪಾರರು. 1897ರ ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಇವರಲ್ಲಿ ಒಂದು ಪಂಗಡ ಮಣ್ಣಿನಿಂದ ಉಪ್ಪು ತೆಗೆಯುತ್ತದೆಂದೂ ಇನ್ನೊಂದು ಗೋಡೆ ಕಟ್ಟುತ್ತದೆಂದೂ ಹೇಳಿದ್ದಾರೆ. ಕಡಲ ಉಪ್ಪು ರೈಲಿನಲ್ಲಿ ಅಗ್ಗವಾಗಿ ಬಂದಿಳಿದ ಮೇಲೆ ಮಣ್ಣುಪ್ಪನ್ನು ಕೇಳುವವರಿಲ್ಲ. ಒಂದು ಕಸುಬು ಸತ್ತರೆ ಅದನ್ನು ನಂಬಿದ ಕೈಗಳು ಇನ್ನೊಂದನ್ನು ಹಿಡಿಯಬೇಕು. ಉಪ್ಪಿನ ಹೆಸರನ್ನು ಹೊತ್ತವರ ಮನೆಗಳಲ್ಲಿ ಕರಣೆ ಮತ್ತು ತೂಗುಗುಂಡು ನೆಲೆಯಾದದ್ದು ಹೀಗೆ.

ನಂಜನಗೂಡಿನ ಶ್ರೀಕಂಠೇಶ್ವರನ ಮಹಾದ್ವಾರ ಗೋಪುರದ ಕಥೆ ಹಣದ ಲೆಕ್ಕ ಬಲ್ಲವರಿಗೆ ಸ್ವಾರಸ್ಯವಾದದ್ದು. ಒಂಬತ್ತು ನೆಲೆ, 120 ಅಡಿ ಎತ್ತರ, ತುದಿಯಲ್ಲಿ ಏಳು ಚಿನ್ನದ ಕಳಶ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವೀರಮ್ಮಣ್ಣಿಯವರು 1845ರಲ್ಲಿ ಇದನ್ನು ಕಟ್ಟಿಸಿದರು. ಆ ಕಾಲಕ್ಕೆ ಒಡೆಯರ ಕೈಯಲ್ಲಿ ರಾಜ್ಯವಿರಲಿಲ್ಲ; 1831ರಿಂದ ಆಡಳಿತವೆಲ್ಲ ಇಂಗ್ಲಿಷ್ ಕಮಿಷನರರದು. ಅರಸರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ನಕ್ಷತ್ರ ವರಹ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಪಾಲು. ದಂಡು ಕಟ್ಟುವ ಹಾಗಿಲ್ಲ, ಕೋಟೆ ಕಟ್ಟುವ ಹಾಗಿಲ್ಲ. ಅರಮನೆಯ ಹಣ ಗುಡಿಗೋಪುರಗಳಿಗೆ ಹರಿಯಿತು. ದೇವಾಲಯದೊಳಗೆ ಅರಸರೂ ರಾಣಿಯರೂ ಕೈಮುಗಿದು ನಿಂತ ಭಕ್ತವಿಗ್ರಹಗಳಿವೆ. ಗೋಪುರದ ಇಟ್ಟಿಗೆ ಗಾರೆ ಹೊತ್ತು ಒಂಬತ್ತು ನೆಲೆ ಹತ್ತಿದವರಿಗೆ ಅಂಥ ವಿಗ್ರಹವಿಲ್ಲ. ರಾಜ್ಯ ಹೋದವರ ಹೆಸರು ಉಳಿಯಿತು, ಕಟ್ಟಿದವರ ಹೆಸರು ಕಟ್ಟಡದೊಳಗೇ ಸೇರಿಹೋಯಿತು.

ಗಾರೆಯೆಂದರೆ ಈಗಿನ ಹುಡುಗರಿಗೆ ಸಿಮೆಂಟು. ಹಿಂದೆ ಅದು ಒಂದು ಅಡುಗೆ. ಸುಣ್ಣವನ್ನು ಸುಟ್ಟು, ಅರಳಿಸಿ, ಮರಳು ಕೂಡಿಸಿ, ಎತ್ತು ತಿರುಗಿಸುವ ಗಾರೆಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಹದ ಬಂದಿದೆಯೇ ಎಂದು ಬೆರಳ ತುದಿಯಲ್ಲಿ ಮುಟ್ಟಿ ಹೇಳುವವನೇ ಮೇಸ್ತ್ರಿ. ಆ ಬೆರಳಿನಲ್ಲಿ ಅವನ ಕೂಲಿಯಿತ್ತು, ಮರ್ಯಾದೆಯಿತ್ತು. ಮಗನಿಗೆ ಬಿಟ್ಟುಹೋಗಬಹುದಾದ ಆಸ್ತಿಯೂ ಅದೇ.

1891ರಲ್ಲಿ ರೈಲು ಮೈಸೂರಿನಿಂದ ನಂಜನಗೂಡಿಗೆ ಬಂತು. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ಹೊಸದು 1912ರಲ್ಲಿ ಮುಗಿಯಿತು. ಅದಕ್ಕಾದ ಖರ್ಚು 41,47,913 ರೂಪಾಯಿ ಎಂದು ರೂಪಾಯಿ ಬಿಡದೆ ಲೆಕ್ಕವಿದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಗಿ ಸುಮಾರು 10,000 ಜನ ದುಡಿದರೆಂದು ಹೇಳುತ್ತಾರೆ. ಕಟ್ಟೆಗೆ ಬಳಸಿದ್ದು ಸುರ್ಕಿ, ಅಂದರೆ ಇಟ್ಟಿಗೆಪುಡಿ ಸುಣ್ಣಗಳ ಗಾರೆ. ಹಳೆಯ ಹದಗಾರರ ಕೊನೆಯ ದೊಡ್ಡ ಕೆಲಸ ಅದೆನ್ನಬಹುದು. ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಗುತ್ತಿಗೆದಾರ, ಮುಂಗಡ, ವಾರದ ಬಟವಾಡೆ ಎಂಬ ಮಾತುಗಳು ಹಳ್ಳಿಹಳ್ಳಿಗೂ ಬಂದವು. ಉಂಬಳಿ, ದವಸ, ದೇವಸ್ಥಾನದ ಪಾಲು ಹಿಂದೆ ಸರಿದವು. ಕೂಲಿ ನಗದಾಯಿತು. ನಗದಾದದ್ದು ಒಳ್ಳೆಯದೇ. ಆದರೆ ಕೆಲಸ ಮುಗಿದ ದಿನ ನಂಟೂ ಮುಗಿಯಿತು; ಕಾಲು ಮುರಿದವನನ್ನು ಕೇಳುವ ದೇವಸ್ಥಾನವೂ ಇಲ್ಲ, ಧಣಿಯೂ ಇಲ್ಲ.

ಮುಂದಿನದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ನಾಲೆಗಳ ನೀರು ಎರಡೂ ತಾಲ್ಲೂಕುಗಳ ಬಯಲಿಗೆ ಬಂತು. ನಾಟಿ ಕೊಯ್ಲುಗಳಲ್ಲಿ ಗದ್ದೆ, ಉಳಿದ ತಿಂಗಳುಗಳಲ್ಲಿ ಗಾರೆ ಎಂದು ಆಳುಗಳು ವರ್ಷವನ್ನು ಹಂಚಿಕೊಂಡರು. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. 1989ರಲ್ಲಿ ನೆಸ್ಲೆ ಬಂತು; 2018ರಲ್ಲಿ ಇಮ್ಮಾವಿನಲ್ಲಿ ಏಷಿಯನ್ ಪೇಂಟ್ಸ್ ಕಾರ್ಖಾನೆ ತೆರೆಯಿತು. ಕೋಳಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ 766ನೆಯ ಹೆದ್ದಾರಿ ನಂಜನಗೂಡು ಮೈಸೂರು ನರಸೀಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಅದರ ಇಕ್ಕೆಲಗಳಲ್ಲಿ ಮಳಿಗೆ, ಗೋದಾಮು, ಕಲ್ಯಾಣಮಂಟಪ, ಹೋಟೆಲುಗಳು ಏಳುತ್ತಿವೆ. 2023-24ರ ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆಯಂತೆ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 46 ಮಂದಿ ಬೇಸಾಯದವರು, 12 ಮಂದಿ ಕಟ್ಟಡ ಕೆಲಸದವರು. ಬೇಸಾಯ ಬಿಟ್ಟವನು ಮೊದಲು ಹೋಗಿ ನಿಲ್ಲುವುದು ಬಾಂಡ್ಲಿಯ ಮುಂದೆಯೇ.

ಹಾಗಾದರೆ ಕೆಲಸಕ್ಕೆ ಬರವಿಲ್ಲ. ಬರವಿರುವುದು ಕಲಿತ ಕೈಗಳಿಗೆ ಎನ್ನುತ್ತಾರೆ ಗುತ್ತಿಗೆದಾರರು. ಮೇಸ್ತ್ರಿಯ ಮಗ ಕರಣೆ ಹಿಡಿಯಲೊಲ್ಲ. ಕಾರ್ಖಾನೆಯಲ್ಲಿ ತಿಂಗಳ ಸಂಬಳದ ಸಣ್ಣ ಕೆಲಸವಾದರೂ ಸಾಕೆನ್ನುತ್ತಾನೆ. ಅವನನ್ನು ತಪ್ಪೆನ್ನಲಾರೆ. ಆ ಜಾಗಕ್ಕೆ ಬಿಹಾರ, ಒಡಿಶಾ, ಬಂಗಾಳಗಳ ಹುಡುಗರು ಬಂದಿದ್ದಾರೆ. ರಾಯಚೂರು ಕಲಬುರಗಿ ಕಡೆಯ ಸಂಸಾರಗಳು ಬಂದಿವೆ. ಕೆಲಸದ ರೀತಿಯೂ ಬೇರೆಯಾಗಿದೆ. ಕಾರ್ಖಾನೆಯ ಕೊಠಡಿಗಳನ್ನು ಉಕ್ಕಿನ ತೊಲೆ ತಗಡುಗಳಿಂದ ಜೋಡಿಸಿ ನಿಲ್ಲಿಸುತ್ತಾರೆ. ಕಾಂಕ್ರೀಟು ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ. ಬಾಂಡ್ಲಿ ಹೊತ್ತು ಏಣಿ ಹತ್ತುತ್ತಿದ್ದ ಹೆಣ್ಣಾಳುಗಳ ಕೆಲಸವನ್ನು ಯಂತ್ರ ಮೊದಲು ತಿಂದಿತು. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದರೂ ಹೆಣ್ಣಾಳು ಗಂಡಾಳೆಂದು ಎರಡು ಕೂಲಿ ಹೇಳುವ ರೂಢಿ ಹೋಗಿಲ್ಲ. ಕರಣೆಯನ್ನು ಹೆಂಗಸಿನ ಕೈಗೆ ಕೊಡುವ ರೂಢಿಯಂತೂ ಬರಲೇ ಇಲ್ಲ.

ಮರಳಿನ ಮಾತನ್ನೂ ಹೇಳಿಬಿಡಬೇಕು. ತಲಕಾಡಿನ ಗುಡಿಗಳನ್ನು ಮುಚ್ಚಿದ ಮರಳನ್ನು ಶಾಪವೆಂದು ನಮ್ಮ ಅಜ್ಜಂದಿರು ಹೇಳಿದರು. ನಮ್ಮ ಕಾಲದಲ್ಲಿ ಅದೇ ಹೊಳೆಯ ಮರಳು ಲಾರಿಯಲ್ಲಿ ರಾತ್ರೋರಾತ್ರಿ ಊರು ಬಿಡುವಷ್ಟು ಬೆಲೆಯುಳ್ಳದ್ದಾಯಿತು. 2012ರಲ್ಲಿ ಸುಪ್ರೀಂ ಕೋರ್ಟು ಸಣ್ಣ ಪ್ರಮಾಣದ ಗಣಿಗಾರಿಕೆಗೂ ಪರಿಸರದ ಅನುಮತಿ ಬೇಕೆಂದ ಮೇಲೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಆ ಜಾಗಕ್ಕೆ ಬಂತು. ಮರಳು ನಿಂತ ವಾರ ಕೂಲಿಯೂ ನಿಲ್ಲುವುದನ್ನು ಈ ಕಡೆಯ ಕೆಲಸಗಾರರು ಎಷ್ಟೋ ಸಲ ಅನುಭವಿಸಿದ್ದಾರೆ.

ಇನ್ನು ಹೆಸರಿನ ವಿಷಯಕ್ಕೆ ಬರುತ್ತೇನೆ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಕಾಯಿದೆ ಮಾಡಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ ತೆಗೆದು ಅವರ ಕ್ಷೇಮಕ್ಕೆ ಕೂಡಿಡಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವನು ಹೆಸರು ಬರೆಸಬಹುದು. ಕರ್ನಾಟಕದಲ್ಲಿ ಇದಕ್ಕಾಗಿ 2007ರಲ್ಲಿ ಮಂಡಳಿ ಏರ್ಪಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಶ್ರಮಸಂಹಿತೆಗಳಲ್ಲಿ ಹಳೆಯ ಕಾಯಿದೆ ಅಡಗಿತು. ಹೆಸರು ಬರೆಸಬೇಕೆಂಬ ತತ್ವ ಅಡಗಲಿಲ್ಲ. ಆ ಹೆಸರಿಗೆ ಎಷ್ಟು ಬೆಲೆಯೆಂಬುದನ್ನು 2020 ತೋರಿಸಿತು. ಕೋವಿಡಿನ ಬೀಗಮುದ್ರೆಯಲ್ಲಿ ಕೆಲಸ ನಿಂತು, ಪರಊರಿನವರು ರೈಲಿಗಾಗಿ ಕಾದು ಕುಳಿತಿದ್ದಾಗ, ರಾಜ್ಯ ಸರ್ಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಸಹಾಯ ಘೋಷಿಸಿತು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಅಕ್ಕಿಯ ಹಣ. ಇಲ್ಲದವನು ಗೋಡೆ ಕಟ್ಟಿದ್ದಕ್ಕೆ ಸಾಕ್ಷಿ ಗೋಡೆಯೊಂದೇ. ಬಾಂಡ್ಲಿ ಮುಟ್ಟದವರು ಹೆಸರು ಬರೆಸಿಕೊಂಡದ್ದೂ, ಅಂಥ ಚೀಟಿಗಳನ್ನು ಮಂಡಳಿ ರದ್ದು ಮಾಡಬೇಕಾಗಿ ಬಂದದ್ದೂ ಉಂಟು. ಕಲ್ಲಿನ ಮೇಲೆ ಸುಳ್ಳು ರುಜು ಹಾಕುವುದು ಇಷ್ಟು ಸುಲಭವಾಗಿರಲಿಲ್ಲ.

ನನ್ನ ವಿದ್ಯಾರ್ಥಿಯ ತಂದೆ ಇಪ್ಪತ್ತೆರಡು ವರ್ಷ ಸೆಂಟ್ರಿಂಗ್ ಹಲಗೆ ಹೊಡೆದವನು. ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. 90 ದಿನದ ದೃಢೀಕರಣ ಕೇಳಿದಾಗಲೆಲ್ಲ ಗುತ್ತಿಗೆದಾರ ನಾಳೆ ಬಾ ಎಂದನಂತೆ. ನಾಳೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಇವನು ಹೋಗಲಿಲ್ಲ. ಬಿದ್ದಮೇಲೆ ಆಸ್ಪತ್ರೆಯ ಖರ್ಚಿಗೆ ಹೆಂಡತಿಯ ಓಲೆ ಹೋಯಿತು. ಕಾಲೇಜು ಬಿಡುತ್ತೇನೆಂದು ಹುಡುಗ ಹೊರಟಿದ್ದ.

ನಾವು ಮೂರು ನಾಲ್ಕು ಮಂದಿ ಅಧ್ಯಾಪಕರು ಸೇರಿ ಆ ಗುತ್ತಿಗೆದಾರನ ಬಳಿ ಹೋದೆವು. ಸಾಕಷ್ಟು ಮಾತಾದ ಮೇಲೆ ಅವನು ರುಜು ಹಾಕಿದ. ಆಗಿಹೋದ ಪೆಟ್ಟಿಗೆ ಅದರಿಂದ ಏನೂ ಬರುವುದಿಲ್ಲ. ಮುಂದೆ ಎದ್ದು ಕೆಲಸಕ್ಕೆ ಹೋದರೆ ಹೆಸರಿರುತ್ತದೆ, ಅಷ್ಟೆ. ಸೇವಾ ಕೇಂದ್ರದಲ್ಲಿ ಅರ್ಜಿ ತುಂಬುವಾಗ ನಾನೂ ಜೊತೆಯಲ್ಲಿದ್ದೆ. ಯಾವ ಕೆಲಸವೆಂದು ಅಲ್ಲಿಯ ಹುಡುಗಿ ಕೇಳಿದಳು. "ಕೂಲಿ ಅಂತ ಬರಕೊಳ್ಳಿ" ಎಂದ ತಂದೆ, ಬೆಂಚಿನ ಮೇಲೆ ಒಂದು ಕಡೆಗೆ ವಾಲಿ ಕುಳಿತು. ಮಗ ತಡೆದ. "ಅಲ್ಲ, ಸೆಂಟ್ರಿಂಗ್ ಅಂತ ಬರೀರಿ" ಎಂದ. ಅವಳು ಹಾಗೆಯೇ ಬರೆದುಕೊಂಡಳು.